ವೈರಸ್ ಹೋಯಿತು, ಮಂಕು ಹೋಯಿತೆ?

ಹೆಪಟೈಟಿಸ್ ಸಿ ಲಿವರ್‌ನ ಕಾಯಿಲೆ. ತಲೆಗೆ ಮಂಕು ಕವಿದ ಹಾಗಿದೆ, ಇಟ್ಟದ್ದು ಇಟ್ಟಲ್ಲೇ ಮರೆತುಹೋಗುತ್ತದೆ ಎಂದು ರೋಗಿ ಹೇಳಿಕೊಂಡರೆ ಅದನ್ನು ಬಹುಕಾಲ ಸಿರೋಸಿಸ್ ಲೆಕ್ಕಕ್ಕೆ ಬರೆಯಲಾಗುತ್ತಿತ್ತು. ಕೆಟ್ಟ ಲಿವರ್ ಸೋಸದೆ ಬಿಟ್ಟ ಅಮೋನಿಯಾ ಮಿದುಳನ್ನು ಮಂಪರುಗೊಳಿಸುವುದೂ ನಿಜವೇ. ಆದರೆ ಲಿವರ್ ಅಷ್ಟೇನೂ ಕೆಡದವರೂ ಇದೇ ಮಾತು ಹೇಳುತ್ತಿದ್ದರಲ್ಲ!

1989ರಲ್ಲಿ ವೈರಸ್ ಪತ್ತೆಯಾಯಿತು. ಎರಡೇ ವರ್ಷದಲ್ಲಿ ಅಮೆರಿಕ ಇಂಟರ್‌ಫೆರಾನ್ ಚುಚ್ಚುಮದ್ದಿಗೆ ಒಪ್ಪಿಗೆ ಕೊಟ್ಟಿತು. ಈಗ ಅನುಮಾನ ಔಷಧದ ಮೇಲೆಯೇ ತಿರುಗಿತು. ತಿಂಗಳುಗಟ್ಟಲೆ ಚುಚ್ಚಿಸಿಕೊಂಡವರಲ್ಲಿ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಜನ ಖಿನ್ನರಾದರು. ಕೆಲವರಿಗೆ ಆತ್ಮಹತ್ಯೆಯ ಯೋಚನೆಯೂ ಬಂತು. ಮನಸ್ಸನ್ನು ಹದದಲ್ಲಿಡುವ ಸೆರೊಟೋನಿನ್‌ಗೆ ಬೇಕಾದ ಟ್ರಿಪ್ಟೊಫ್ಯಾನನ್ನು ಇಂಟರ್‌ಫೆರಾನ್ ಬೇರೆ ದಾರಿಗೆ ಹರಿಸಿಬಿಡುತ್ತದೆ ಎಂಬುದು ಒಂದು ವಿವರಣೆ. 2001ರಲ್ಲಿ ಮೆಲನೋಮಾ ಕ್ಯಾನ್ಸರ್‌ಗೆ ಇದೇ ಮದ್ದು ಪಡೆಯುತ್ತಿದ್ದವರಿಗೆ ಮೊದಲೇ ಖಿನ್ನತೆಯ ಔಷಧ ಪ್ಯಾರಾಕ್ಸೆಟಿನ್ ಕೊಟ್ಟು ನೋಡಿದರು. ಅದನ್ನು ಪಡೆಯದವರಲ್ಲಿ ಶೇ 45ರಷ್ಟಿದ್ದ ಖಿನ್ನತೆ ಪಡೆದವರಲ್ಲಿ ಶೇ 11ರಷ್ಟೇ ಇತ್ತು.

ಅದೇ ವರ್ಷ ಲಂಡನ್ನಿನಲ್ಲಿ ಡೇನಿಯಲ್ ಫಾರ್ಟನ್ ಮತ್ತು ಸಂಗಡಿಗರು, ಲಿವರ್ ಹಾನಿ ತೀರ ಕಡಿಮೆಯಿದ್ದ ರೋಗಿಗಳ ಮಿದುಳಿನ ರಾಸಾಯನಿಕಗಳನ್ನು ಎಂಆರ್ ಸ್ಪೆಕ್ಟ್ರೋಸ್ಕೋಪಿಯಲ್ಲಿ ನೋಡಿದರು. ಕೋಲೀನ್ ಪ್ರಮಾಣದಲ್ಲಿ ವ್ಯತ್ಯಾಸ ಕಂಡಿತು. ವೈರಸ್ಸೇ ತಲೆಗೂ ಕೈಹಾಕುತ್ತಿರಬಹುದೆಂಬ ವಾದಕ್ಕೆ ಬಲ ಬಂದದ್ದು ಹೀಗೆ. ಅದಕ್ಕೆ ಮೊದಲೇ, 1999ರಲ್ಲಿ, ಆಸ್ಟ್ರೇಲಿಯಾದ ಅಧ್ಯಯನವೊಂದು ಇನ್ನೊಂದು ಎಳೆ ಹಿಡಿದಿತ್ತು: ಸೋಂಕಿದೆ ಎಂದು ಗೊತ್ತಾದವರು ಗೊತ್ತಿಲ್ಲದವರಿಗಿಂತ ಹೆಚ್ಚು ಕುಗ್ಗಿದ್ದರು. ಕಾಯಿಲೆಯ ಹೆಸರಿಗೇ ಕಳಂಕ ಅಂಟಿದ್ದರೆ ಇದರಲ್ಲಿ ಆಶ್ಚರ್ಯವೇನಿದೆ?

ಈ ಮಂಕನ್ನು ಅಳೆಯುವುದು ಹೇಗೆ? ಇಲ್ಲಿ ಬೆಂಗಳೂರು ಬರುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್, ಸುಬ್ಬಕೃಷ್ಣ, ಗೋಪುಕುಮಾರ್ 2004ರಲ್ಲಿ ಪರೀಕ್ಷೆಗಳ ಒಂದು ಕಟ್ಟನ್ನೇ ಹೊರತಂದರು. ಅದರಲ್ಲೊಂದು ನೋಡಿ: ಒಂದರಿಂದ ಒಂಬತ್ತರವರೆಗೆ ಪ್ರತಿ ಅಂಕಿಗೂ ಒಂದೊಂದು ಗುರುತು, ಹಾಳೆಯ ತುಂಬ ಅಂಕಿಗಳು, ಪ್ರತಿಯೊಂದರ ಕೆಳಗೆ ಅದರ ಗುರುತನ್ನು ಬರೆಯುತ್ತ ಹೋಗಬೇಕು. ಪಕ್ಕದಲ್ಲಿ ಸ್ಟಾಪ್‌ವಾಚ್ ಓಡುತ್ತಿರುತ್ತದೆ. ಫಲಿತಾಂಶವನ್ನು ಭಾರತೀಯರದೇ ವಯಸ್ಸು, ಓದು, ಲಿಂಗದ ಮಾನದಂಡಕ್ಕೆ ಹೋಲಿಸುತ್ತಾರೆ. ವಿದೇಶಿ ಅಳತೆಗೋಲಿನಲ್ಲಿ ಓದು ಕಡಿಮೆಯಿದ್ದವರೆಲ್ಲ ಮಂದಬುದ್ಧಿಯವರಾಗಿಬಿಡುವ ಅಪಾಯವಿತ್ತು. ಅಕ್ಷರ ಬಾರದ ಲಿವರ್ ರೋಗಿಗಳಿಗೆಂದು ಲಖನೌದ ಧೀಮನ್ ತಂಡ 1995ರಲ್ಲೇ ಅಂಕಿ ಬಿಟ್ಟು ಚಿತ್ರ ಜೋಡಿಸುವ ಪರೀಕ್ಷೆ ರೂಪಿಸಿತ್ತು.

2013ರ ಕೊನೆಗೆ ಬಂದ ಸೊಫೊಸ್ಬುವಿರ್ ಗುಳಿಗೆ ಎಲ್ಲವನ್ನೂ ತಿರುವಿಹಾಕಿತು. ಅಮೆರಿಕದಲ್ಲಿ 12 ವಾರಕ್ಕೆ 84,000 ಡಾಲರ್! ಮರುವರ್ಷ ಅಗ್ಗದ ಜೆನೆರಿಕ್ ತಯಾರಿಕೆಗೆ ಗುಳಿಗೆಯ ಒಡೆತನದ ಗಿಲಿಯಡ್ ಕಂಪನಿ ಪರವಾನಗಿ ಕೊಟ್ಟ ಏಳು ಭಾರತೀಯ ಕಂಪನಿಗಳಲ್ಲಿ ಬನ್ನೇರುಘಟ್ಟ ರಸ್ತೆ ಬಿಳೇಕಹಳ್ಳಿಯ ಸ್ಟ್ರೈಡ್ಸ್ ಕೂಡ ಒಂದು. 2018ರ ಜುಲೈ 28ರಿಂದ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಚಿಕಿತ್ಸೆಯೇ ಉಚಿತ.

ಇಂಟರ್‌ಫೆರಾನಿನ ಖಿನ್ನತೆ, ಚುಚ್ಚುಮದ್ದೇ ಬೇಡವಾದ್ದರಿಂದ, ಹೆಚ್ಚುಕಡಿಮೆ ಇತಿಹಾಸ ಸೇರಿತು. ಗುಳಿಗೆ ಮುಗಿಸಿದ ಅನೇಕರಲ್ಲಿ ಗಮನ, ನೆನಪು ಚುರುಕಾದದ್ದನ್ನು ಹೊಸ ಅಧ್ಯಯನಗಳು ತೋರಿಸಿವೆ. ಕೆಲವರಿಗೆ ಸುಸ್ತು ಮಾತ್ರ ಬಿಟ್ಟಿಲ್ಲ, ಸಿರೋಸಿಸ್ ಬಲಿತವರಿಗಂತೂ ಅಪಾಯ ಉಳಿದೇ ಇದೆ. ಚಿಕಿತ್ಸೆ ಮುಗಿದು 12 ವಾರಕ್ಕೆ ರಕ್ತದಲ್ಲಿ ವೈರಸ್ ಇಲ್ಲದಿದ್ದರೆ ಗುಣ ಎಂದು ಬರೆಯುತ್ತಾರೆ. ಆ ದಿನವೇ ನಿದ್ದೆ, ನೆನಪು, ಮನಸ್ಸಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳಿ, ಅನುಮಾನವಿದ್ದವರನ್ನು ಮನೋವೈದ್ಯರ ಬಳಿ ಕಳಿಸುವುದಕ್ಕೆ ಹೊಸ ಔಷಧವೇನೂ ಬೇಕಾಗಿಲ್ಲ.