ಅತಿದೂರದ ಬೈಕ್‌ಪ್ಯಾಕಿಂಗ್ ಸ್ಪರ್ಧೆ ಮತ್ತು ಏಕಾಂಗಿ ಸೈಕಲ್ ಪ್ರವಾಸ

ಅತಿದೂರದ ಬೈಕ್‌ಪ್ಯಾಕಿಂಗ್ ಸ್ಪರ್ಧೆಯು ಸೈಕಲ್ ಸವಾರರು ತಮ್ಮ ಸಾಮಾನನ್ನು ತಾವೇ ಹೊತ್ತು, ಸಹಾಯಕರ ತಂಡವಿಲ್ಲದೆ, ನೂರಾರು ಅಥವಾ ಸಾವಿರಾರು ಕಿಲೋಮೀಟರ್ ದೂರವನ್ನು ಆದಷ್ಟು ಕಡಿಮೆ ಕಾಲದಲ್ಲಿ ಕ್ರಮಿಸುವ ಸಹಿಷ್ಣುತಾ ಕ್ರೀಡೆಯಾಗಿದೆ. ಏಕಾಂಗಿ ಸೈಕಲ್ ಪ್ರವಾಸವು ಒಬ್ಬ ವ್ಯಕ್ತಿಯು ಸ್ಥಳಗಳನ್ನು ನೋಡುವ, ಜನರನ್ನು ಅರಿಯುವ ಉದ್ದೇಶದಿಂದ ತನ್ನ ಅನುಕೂಲದ ವೇಗದಲ್ಲಿ ಕೈಗೊಳ್ಳುವ ಪ್ರಯಾಣವಾಗಿದೆ. ಎರಡರಲ್ಲಿಯೂ ಸವಾರನು ಒಂಟಿಯಾಗಿದ್ದು ಸ್ವಾವಲಂಬಿಯಾಗಿರುತ್ತಾನೆ. ಆದರೆ ಮೊದಲನೆಯದರಲ್ಲಿ ಗಡಿಯಾರವು ನಿಲ್ಲುವುದಿಲ್ಲ. ಎರಡನೆಯದರಲ್ಲಿ ಗಡಿಯಾರಕ್ಕೆ ಸ್ಥಾನವೇ ಇಲ್ಲ. ನಿದ್ರೆ, ಆಹಾರ, ಹೊರೆ, ಮಾರ್ಗ ಮತ್ತು ಸುರಕ್ಷತೆಗೆ ಸಂಬಂಧಿಸಿದ ಉಳಿದ ವ್ಯತ್ಯಾಸಗಳೆಲ್ಲ ಇದರಿಂದಲೇ ಹುಟ್ಟುತ್ತವೆ. ಕರ್ನಾಟಕದಲ್ಲಿ ಇವೆರಡರ ನಡುವಿನ ರೂಪವಾದ ಬ್ರೆವೆ ಸವಾರಿಯು ಹೆಚ್ಚು ಪ್ರಚಲಿತವಾಗಿದೆ.

ಇತಿಹಾಸ

ದೀರ್ಘ ಸೈಕಲ್ ಪ್ರವಾಸವು ಸ್ಪರ್ಧೆಗಳಷ್ಟೇ ಹಳೆಯದು. ಥಾಮಸ್ ಸ್ಟೀವನ್ಸ್ 1884ರಿಂದ 1886ರವರೆಗೆ ಮುಂದೆ ದೊಡ್ಡ ಗಾಲಿಯಿದ್ದ ಹಳೆಯ ಮಾದರಿಯ ಸೈಕಲ್ಲಿನಲ್ಲಿ ಪ್ರಪಂಚ ಪರ್ಯಟನೆ ಮಾಡಿದನು; ಅವನ ಮಾರ್ಗವು ಉತ್ತರ ಭಾರತದ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿಯೂ ಹಾದುಹೋಗಿತ್ತು. 1923ರಲ್ಲಿ ಮುಂಬಯಿಯಿಂದ ಆರು ಮಂದಿ ಪಾರಸಿ ಯುವಕರು ಸೈಕಲ್ಲುಗಳಲ್ಲಿ ವಿಶ್ವ ಪರ್ಯಟನೆಗೆ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ ಮತ್ತು ರುಸ್ತುಮ್ ಭೂಮ್‌ಗರಾ 1928ರಲ್ಲಿ ಪ್ರಯಾಣವನ್ನು ಪೂರ್ಣಗೊಳಿಸಿ ಮರಳಿದರು.

ಫ್ರಾನ್ಸಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಯು 1891ರಲ್ಲಿ ಸ್ಪರ್ಧೆಯಾಗಿ ಆರಂಭವಾಯಿತು. ಈಗ ಅದು ನಾಲ್ಕು ವರ್ಷಕ್ಕೊಮ್ಮೆ ನಡೆಯುವ, ಸ್ಥಾನಮಾನಗಳಿಲ್ಲದ 1200 ಕಿ.ಮೀ. ಸವಾರಿಯಾಗಿದೆ. ಅಮೆರಿಕದ ಪಶ್ಚಿಮ ತೀರದಿಂದ ಪೂರ್ವ ತೀರಕ್ಕೆ ಸಾಗುವ ರೇಸ್ ಅಕ್ರಾಸ್ ಅಮೆರಿಕ 1982ರಲ್ಲಿ ಪ್ರಾರಂಭವಾಯಿತು. ಅದರ ಉದ್ದ ಸುಮಾರು 4,800 ಕಿ.ಮೀ. ಪ್ರತಿ ಸವಾರನ ಹಿಂದೆ ವಾಹನ ಮತ್ತು ಸಹಾಯಕರ ತಂಡವಿರುವುದರಿಂದ ಇದನ್ನು ಬೈಕ್‌ಪ್ಯಾಕಿಂಗ್ ಸ್ಪರ್ಧೆಯೆಂದು ಪರಿಗಣಿಸುವುದಿಲ್ಲ. 2017ರಲ್ಲಿ ಭಾರತೀಯ ಸೇನೆಯ ವೈದ್ಯ ಶ್ರೀನಿವಾಸ್ ಗೋಕುಲನಾಥ್ ಇದನ್ನು ಏಕಾಂಗಿ ವಿಭಾಗದಲ್ಲಿ ಪೂರ್ಣಗೊಳಿಸಿದ ಮೊದಲ ಭಾರತೀಯರೆನಿಸಿದರು. ಅದೇ ವರ್ಷ ನಾಗಪುರದ ಅಮಿತ್ ಸಮರ್ಥ್ ಕೂಡ ಯಶಸ್ವಿಯಾದರು.

ಸಹಾಯಕರಿಲ್ಲದ ಸ್ಪರ್ಧೆಗಳು 21ನೇ ಶತಮಾನದಲ್ಲಿ ಹರಡಿದವು. ಕೆನಡಾದ ಬ್ಯಾನ್ಫ್‌ನಿಂದ ಅಮೆರಿಕ–ಮೆಕ್ಸಿಕೊ ಗಡಿಯವರೆಗಿನ ಟೂರ್ ಡಿವೈಡ್ (2008) ಮತ್ತು ಯುರೋಪನ್ನು ಅಡ್ಡಹಾಯುವ ಟ್ರಾನ್ಸ್‌ಕಾಂಟಿನೆಂಟಲ್ ರೇಸ್ (2013) ಇವುಗಳಲ್ಲಿ ಪ್ರಮುಖವಾಗಿವೆ. 2019ರ ಟ್ರಾನ್ಸ್‌ಕಾಂಟಿನೆಂಟಲ್ ಸ್ಪರ್ಧೆಯಲ್ಲಿ ಜರ್ಮನಿಯ ಫಿಯೋನಾ ಕೋಲ್ಬಿಂಗರ್ ಬಲ್ಗೇರಿಯಾದಿಂದ ಫ್ರಾನ್ಸಿನ ಬ್ರೆಸ್ಟ್‌ವರೆಗಿನ ಸುಮಾರು 4,000 ಕಿ.ಮೀ.ಗಳನ್ನು 10 ದಿನಗಳಿಗಿಂತ ತುಸು ಹೆಚ್ಚು ಕಾಲದಲ್ಲಿ ಕ್ರಮಿಸಿ, ಪುರುಷರನ್ನೂ ಹಿಂದಿಕ್ಕಿ ಒಟ್ಟಾರೆ ಪ್ರಥಮ ಸ್ಥಾನ ಪಡೆದರು.

ನಿಯಮಗಳು

ಬೈಕ್‌ಪ್ಯಾಕಿಂಗ್ ಸ್ಪರ್ಧೆಗಳ ಮೂಲ ನಿಯಮ ಸ್ವಾವಲಂಬನೆ. ಎಲ್ಲ ಸ್ಪರ್ಧಿಗಳಿಗೂ ಸಮಾನವಾಗಿ ದೊರೆಯುವ ಅಂಗಡಿ, ಹೋಟೆಲು, ವಸತಿಗೃಹ ಮತ್ತು ಸೈಕಲ್ ರಿಪೇರಿ ಅಂಗಡಿಗಳನ್ನು ಸವಾರನು ಬಳಸಬಹುದು. ಮೊದಲೇ ಏರ್ಪಡಿಸಿಕೊಂಡ ಖಾಸಗಿ ನೆರವಿಗೆ ಅವಕಾಶವಿಲ್ಲ. ಏಕಾಂಗಿ ವಿಭಾಗದಲ್ಲಿ ಮತ್ತೊಬ್ಬ ಸವಾರನ ಬೆನ್ನಿಗೆ ಅಂಟಿಕೊಂಡು ಗಾಳಿಯ ತಡೆಯಿಂದ ಪಾರಾಗುವುದೂ ನಿಷಿದ್ಧ. ಉಪಗ್ರಹ ಆಧಾರಿತ ಟ್ರ್ಯಾಕರ್ ಮೂಲಕ ಸವಾರನ ಸ್ಥಾನವನ್ನು ಗಮನಿಸಲಾಗುತ್ತದೆ. ಏಕಾಂಗಿ ಪ್ರವಾಸಿಗೆ ಇಂತಹ ಯಾವ ನಿಯಮವೂ ಇಲ್ಲ. ದಾರಿಯಲ್ಲಿ ಆಯಾಸವಾದರೆ ಅವನು ಬಸ್ಸಿನ ಮೇಲೆ ಸೈಕಲ್ ಏರಿಸಿ ಮುಂದಿನ ಊರಿಗೆ ಹೋಗಬಹುದು. ಹಳ್ಳಿಯವರು ಊಟಕ್ಕೆ ಕರೆದರೆ ಒಪ್ಪಿಕೊಳ್ಳಬಹುದು.

ಹೋಲಿಕೆ

ದೂರ ಮತ್ತು ವೇಗ: ದೊಡ್ಡ ಸ್ಪರ್ಧೆಗಳಲ್ಲಿ ಮುಂಚೂಣಿಯ ಸವಾರರು ದಿನವೊಂದಕ್ಕೆ ಸುಮಾರು 400 ಕಿ.ಮೀ. ಸಾಗುತ್ತಾರೆ. ಹೊರೆ ಹೊತ್ತ ಪ್ರವಾಸಿಗೆ ದಿನಕ್ಕೆ 60ರಿಂದ 100 ಕಿ.ಮೀ. ಸಾಮಾನ್ಯ. ಸ್ಪರ್ಧಿಯು ಇಷ್ಟು ದೂರ ಸಾಗಲು ಕಾರಣ ಅತಿ ವೇಗವಲ್ಲ, ನಿಲ್ಲದಿರುವಿಕೆ. ಊಟ, ರಿಪೇರಿ ಮತ್ತು ನಿದ್ರೆಗೆ ವ್ಯಯವಾಗುವ ಕಾಲವೇ ಅನೇಕ ವೇಳೆ ಫಲಿತಾಂಶವನ್ನು ನಿರ್ಧರಿಸುತ್ತದೆ.

ಹೊರೆ: ಸ್ಪರ್ಧಿಯು ಚೌಕಟ್ಟಿಗೆ, ಸೀಟಿನ ಹಿಂಭಾಗಕ್ಕೆ ಮತ್ತು ಹ್ಯಾಂಡಲ್ಲಿಗೆ ಕಟ್ಟುವ ಸಣ್ಣ ಚೀಲಗಳಲ್ಲಿ ಹಗುರ ಮಲಗುಚೀಲ, ಮಳೆ ಅಂಗಿ, ದೀಪ, ಟ್ಯೂಬು ಮತ್ತು ಉಪಕರಣಗಳನ್ನಷ್ಟೇ ಒಯ್ಯುತ್ತಾನೆ. ಪ್ರವಾಸಿಯು ಕ್ಯಾರಿಯರ್‌ನ ಎರಡೂ ಬದಿಗೆ ತೂಗುವ ಪ್ಯಾನಿಯರ್ ಚೀಲಗಳಲ್ಲಿ ಡೇರೆ, ಸ್ಟೌವ್, ಪಾತ್ರೆ, ಬಟ್ಟೆ ಮತ್ತು ಪುಸ್ತಕಗಳನ್ನೂ ಇಟ್ಟುಕೊಳ್ಳುತ್ತಾನೆ.

ಮಾರ್ಗ: ಸ್ಪರ್ಧೆಯ ಮಾರ್ಗವನ್ನು ಸಂಘಟಕರು ಪೂರ್ಣವಾಗಿ ಗೊತ್ತುಪಡಿಸುತ್ತಾರೆ, ಇಲ್ಲವೇ ತಪಾಸಣಾ ಕೇಂದ್ರಗಳನ್ನಷ್ಟೇ ಹೇಳಿ ನಡುವಿನ ದಾರಿಯನ್ನು ಸವಾರನಿಗೇ ಬಿಡುತ್ತಾರೆ. ಪ್ರವಾಸಿಯ ಮಾರ್ಗವು ದಿನದಿನಕ್ಕೂ ಬದಲಾಗಬಹುದು.

ಇವೆರಡರ ಗಡಿಯಲ್ಲಿ ನಿಲ್ಲುವ ಪ್ರಯಾಣಗಳೂ ಇವೆ. ಪುಣೆಯ ವೇದಾಂಗಿ ಕುಲಕರ್ಣಿ 2018ರಲ್ಲಿ ತಮ್ಮ 20ನೇ ವಯಸ್ಸಿನಲ್ಲಿ 159 ದಿನಗಳಲ್ಲಿ ಸುಮಾರು 29,000 ಕಿ.ಮೀ. ಸೈಕಲ್ ತುಳಿದು ವಿಶ್ವ ಪರ್ಯಟನೆ ಮುಗಿಸಿದರು. ಅಲ್ಲಿ ಎದುರಾಳಿಗಳಿರಲಿಲ್ಲ, ಆದರೆ ಕಾಲದ ಲೆಕ್ಕವಿತ್ತು.

ಕರ್ನಾಟಕದಲ್ಲಿ ಬ್ರೆವೆ ಸವಾರಿ

ಬ್ರೆವೆಯು ನಿಗದಿತ ಕಾಲಮಿತಿಯೊಳಗೆ ಪೂರೈಸಬೇಕಾದ, ಆದರೆ ಸ್ಪರ್ಧೆಯಲ್ಲದ ದೂರ ಸವಾರಿಯಾಗಿದೆ. 1904ರಲ್ಲಿ ಸ್ಥಾಪಿತವಾದ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಇದರ ಅಂತರರಾಷ್ಟ್ರೀಯ ಮಾನ್ಯತಾ ಸಂಸ್ಥೆ. ಭಾರತದಲ್ಲಿ ಆಡಾಕ್ಸ್ ಇಂಡಿಯಾ ರಾಂಡೊನರ್ಸ್ ಸಂಸ್ಥೆಯ ಅಡಿಯಲ್ಲಿ ಬೆಂಗಳೂರು ಮೊದಲಾದ ನಗರಗಳ ಕ್ಲಬ್ಬುಗಳು ಇವನ್ನು ನಡೆಸುತ್ತವೆ. ಕಾಲಮಿತಿಗಳು ಹೀಗಿವೆ:

- 200 ಕಿ.ಮೀ. – 13 ಗಂಟೆ 30 ನಿಮಿಷ
- 300 ಕಿ.ಮೀ. – 20 ಗಂಟೆ
- 400 ಕಿ.ಮೀ. – 27 ಗಂಟೆ
- 600 ಕಿ.ಮೀ. – 40 ಗಂಟೆ
- 1000 ಕಿ.ಮೀ. – 75 ಗಂಟೆ

ಒಂದೇ ಋತುವಿನಲ್ಲಿ ಮೊದಲ ನಾಲ್ಕನ್ನೂ ಪೂರೈಸಿದವರಿಗೆ ಸೂಪರ್ ರಾಂಡೊನರ್ ಎಂಬ ಬಿರುದು ದೊರೆಯುತ್ತದೆ. ಮೊದಲು ಬಂದವರಿಗೂ ಕೊನೆಯಲ್ಲಿ ಬಂದವರಿಗೂ ಸಿಗುವ ಮನ್ನಣೆ ಒಂದೇ. ಇದಕ್ಕಿಂತ ಭಿನ್ನವಾದುದು ಬೆಂಗಳೂರಿನ ರೈಡ್‌ಎಸೈಕಲ್ ಫೌಂಡೇಶನ್ 2008ರಿಂದ ನಡೆಸುತ್ತಿರುವ ಟೂರ್ ಆಫ್ ನೀಲಗಿರೀಸ್. ಇದು ಸಹಾಯಕ ವಾಹನಗಳೊಂದಿಗೆ ಗುಂಪಾಗಿ ಸಾಗುವ ಹಲವು ದಿನಗಳ ಪ್ರವಾಸವಾಗಿದೆ.

ಹಲಸಿ–ಖಾನಾಪುರ ಪ್ರದೇಶದ ನಿದರ್ಶನ

ಎರಡು ರೀತಿಯ ಸವಾರಿಗಳ ಅಂತರವನ್ನು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ರಸ್ತೆಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಬೆಳಗಾವಿಯಿಂದ ಹಲಸಿಗೆ ಖಾನಾಪುರದ ಮೂಲಕ ಸುಮಾರು 40 ಕಿ.ಮೀ. ದೂರ ಸವಾರಿಯ ಅಭ್ಯಾಸವುಳ್ಳವನಿಗೆ ಇದು ಎರಡು ಗಂಟೆಗಳ ದಾರಿ. ಹಲಸಿಯು ಅವನಿಗೆ ನೀರು ತುಂಬಿಸಿಕೊಳ್ಳುವ ಒಂದು ಊರು ಮಾತ್ರ. ಪ್ರವಾಸಿಗಾದರೋ ಇದು ಒಂದು ಇಡೀ ದಿನದ ಸ್ಥಳ. ಪಲಾಶಿಕಾ ಎಂಬ ಹೆಸರಿನಲ್ಲಿ ಬನವಾಸಿಯ ಕದಂಬರ ಎರಡನೆಯ ರಾಜಧಾನಿಯಾಗಿದ್ದ ಈ ಊರಿನಲ್ಲಿ ಆ ವಂಶದ ತಾಮ್ರಶಾಸನಗಳು ದೊರೆತಿವೆ. ಗೋವೆಯ ಕದಂಬರ ಕಾಲದ ಭೂವರಾಹ ನರಸಿಂಹ ದೇವಾಲಯ ಮತ್ತು ಜೈನ ಬಸದಿ ಇಲ್ಲಿನ ಮುಖ್ಯ ಸ್ಮಾರಕಗಳು. ಸಮೀಪದ ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿಸಲ್ಪಟ್ಟ ಸಂಗೊಳ್ಳಿ ರಾಯಣ್ಣನ ಸಮಾಧಿಯಿದೆ. ಬೆಳಗಾವಿ, ಖಾನಾಪುರ, ನಂದಗಡ, ಹಲಸಿ, ಕಿತ್ತೂರುಗಳನ್ನು ಸುತ್ತಿ ಮರಳಿದರೆ ನೂರು ಕಿಲೋಮೀಟರಿಗಿಂತ ತುಸು ಹೆಚ್ಚಾಗುತ್ತದೆ. ಸ್ಪರ್ಧಿಗೆ ಇದು ಒಂದು ಮುಂಜಾವಿನ ಅಭ್ಯಾಸ. ಪ್ರವಾಸಿಗೆ ಎರಡು ಮೂರು ದಿನಗಳ ಪಯಣ.

ಪ್ರದೇಶದ ಭೂಗೋಳವು ಇಬ್ಬರನ್ನೂ ಪರೀಕ್ಷಿಸುತ್ತದೆ. ತಾಲ್ಲೂಕಿನ ಪಶ್ಚಿಮ ಭಾಗವು ಸಹ್ಯಾದ್ರಿಯ ದಟ್ಟ ಕಾಡು. ಆಮಗಾಂವ್ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾಂಬೋಟಿ, ಕಣಕುಂಬಿ ಮತ್ತು ಚೋರ್ಲಾ ಘಾಟಿನ ರಸ್ತೆಯಲ್ಲಿ ಮಂಜು ಮತ್ತು ಜಾರುವಿಕೆ ಸಾಮಾನ್ಯ. ಭೀಮಗಡ ವನ್ಯಜೀವಿ ಧಾಮದ ಆಸುಪಾಸಿನಲ್ಲಿ ಕಾಡುಕೋಣ, ಕರಡಿಗಳಿರುವುದರಿಂದ ಕತ್ತಲಲ್ಲಿ ಒಂಟಿಯಾಗಿ ಸಾಗುವುದಾಗಲಿ, ಕಂಡಲ್ಲಿ ಡೇರೆ ಹಾಕುವುದಾಗಲಿ ಸಲ್ಲದು. ಚಳಿಗಾಲವು ಸವಾರಿಗೆ ಅನುಕೂಲಕರ. ಆದರೆ ಜಿಲ್ಲೆಯಲ್ಲಿ ಅದೇ ಕಬ್ಬು ನುರಿಸುವ ಕಾಲ. ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಟ್ರೈಲರುಗಳು ರಾತ್ರಿ ಸವಾರರಿಗೆ ದೊಡ್ಡ ಅಪಾಯ.

ಆರೋಗ್ಯ ಮತ್ತು ಸುರಕ್ಷತೆ

ಸ್ಪರ್ಧೆಗಳ ಕುರಿತ ಮುಖ್ಯ ಆಕ್ಷೇಪವು ನಿದ್ರಾಭಾವಕ್ಕೆ ಸಂಬಂಧಿಸಿದುದು. ಸತತವಾಗಿ 17 ಗಂಟೆಗಳಿಗಿಂತ ಹೆಚ್ಚು ಎಚ್ಚರವಿದ್ದವರ ಪ್ರತಿಕ್ರಿಯೆಯು ಮದ್ಯಪಾನ ಮಾಡಿದವರಂತೆಯೇ ಮಂದವಾಗುತ್ತದೆ. ಎರಡು ಮೂರು ರಾತ್ರಿಗಳ ನಂತರ ಭ್ರಮೆಗಳೂ ಕಾಣಿಸಿಕೊಳ್ಳಬಹುದು. ಕುತ್ತಿಗೆಯ ಸ್ನಾಯುಗಳು ಸೋತು ತಲೆಯನ್ನು ಎತ್ತಲಾಗದ ಸ್ಥಿತಿ ಮತ್ತು ಕೈಬೆರಳುಗಳ ಜೋಮು ಇತರ ತೊಂದರೆಗಳು. ಟ್ರಾನ್ಸ್‌ಕಾಂಟಿನೆಂಟಲ್ ರೇಸಿನ ಸ್ಥಾಪಕ ಮೈಕ್ ಹಾಲ್ 2017ರ ಮಾರ್ಚ್ 31ರಂದು ಆಸ್ಟ್ರೇಲಿಯಾದ ಇಂಡಿಯನ್ ಪೆಸಿಫಿಕ್ ವೀಲ್ ರೇಸಿನಲ್ಲಿ ಕ್ಯಾನ್‌ಬೆರಾ ಬಳಿ ಬೆಳಗಿನ ಕತ್ತಲಲ್ಲಿ ಕಾರು ಡಿಕ್ಕಿಯಾಗಿ ಮೃತಪಟ್ಟರು. ಆ ಸ್ಪರ್ಧೆಯನ್ನು ಅಲ್ಲಿಗೇ ನಿಲ್ಲಿಸಲಾಯಿತು. ಕಡ್ಡಾಯ ವಿಶ್ರಾಂತಿಯ ನಿಯಮ ಬೇಕೆಂದು ಕೆಲವರು ಒತ್ತಾಯಿಸಿದರೆ, ಯಾವಾಗ ನಿಲ್ಲಬೇಕೆಂಬ ವಿವೇಚನೆಯೇ ಈ ಕ್ರೀಡೆಯ ಸಾರವೆಂದು ಇತರರು ವಾದಿಸುತ್ತಾರೆ.

ಏಕಾಂಗಿ ಪ್ರವಾಸಿಯು ಹೆಚ್ಚಾಗಿ ಹಗಲಿನಲ್ಲಿ ಸಾಗಿ ರಾತ್ರಿ ನಿದ್ರಿಸುವುದರಿಂದ ಈ ಅಪಾಯ ಕಡಿಮೆ. ಆದರೆ ಅವನನ್ನು ಗಮನಿಸುವ ಟ್ರ್ಯಾಕರ್ ಆಗಲಿ, ಸಂಘಟಕರಾಗಲಿ ಇರುವುದಿಲ್ಲ. ಮೊಬೈಲ್ ಸಂಕೇತ ಸಿಗದ ಕಾಡುದಾರಿಯಲ್ಲಿ ಬಿದ್ದರೆ ಸುದ್ದಿ ತಿಳಿಯುವುದೇ ತಡವಾಗಬಹುದು. ಆದ್ದರಿಂದ ದಿನದ ಮಾರ್ಗವನ್ನು ಮನೆಯವರಿಗೆ ತಿಳಿಸಿ ಹೊರಡುವುದು, ಶಿರಸ್ತ್ರಾಣ, ಮುಂದಿನ ಹಿಂದಿನ ದೀಪಗಳು ಮತ್ತು ಬೆಳಕು ಪ್ರತಿಫಲಿಸುವ ಮೇಲಂಗಿಯನ್ನು ಬಳಸುವುದು ಎರಡೂ ಬಗೆಯ ಸವಾರರಿಗೆ ಅಗತ್ಯ.