ಕೆನ್ನೆಮೂಳೆಗೆ ಕಣತಲೆಯ ದಾರಿ

ಕುಸಿದ ಕೆನ್ನೆಮೂಳೆಯನ್ನು ಎತ್ತಿ ಕೂರಿಸಲು ಹೆಚ್ಚು ಬಲ ಬೇಕಿಲ್ಲ. ಸರಿಯಾದ ಕಡೆ ಸನ್ನೆಗೋಲು ಕೊಟ್ಟು ಮೀಟಿದರೆ ಅದು ಎಷ್ಟೋ ಸಲ ‘ಲಟಕ್’ ಎಂದು ತನ್ನ ಜಾಗಕ್ಕೆ ಬಂದುಬಿಡುತ್ತದೆ. ಕಷ್ಟವೇನಿದ್ದರೂ ಅದನ್ನು ತಲುಪುವುದರಲ್ಲಿ. ಈ ಚಿಕಿತ್ಸೆಯ ಚರಿತ್ರೆಯನ್ನು ತಂತಿ, ಪ್ಲೇಟು, ಸ್ಕ್ರೂಗಳ ಏರುಗತಿಯಾಗಿ ಹೇಳುವುದು ರೂಢಿ. ನನಗೆ ಮಾತ್ರ ಅದು ಮೊದಲಿಗೆ ದಾರಿ ಹುಡುಕಿದವರ ಚರಿತ್ರೆಯಾಗಿ ಕಾಣುತ್ತದೆ. ಮುಖಕ್ಕೆ ಕಲೆ ಉಳಿಸದೆ, ನರಕ್ಕೆ ಪೆಟ್ಟು ಕೊಡದೆ ಆ ಮೂಳೆಯ ಹಿಂಬದಿಗೆ ಹೋಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು.

ಮುಖದಿಂದ ಮುಂದಕ್ಕೆ ಚಾಚಿಕೊಂಡಿರುವುದರಿಂದ ಈ ಮೂಳೆಗೆ ಏಟು ತಪ್ಪಿದ್ದಲ್ಲ. ಗುದ್ದು, ಬೀಳು, ಚೆಂಡು, ವಾಹನ, ಕಾರಣಗಳು ಇಷ್ಟೇ. ಬಲಗೈಯವನು ಎದುರು ನಿಂತು ಗುದ್ದಿದರೆ ಪೆಟ್ಟು ಎಡಗೆನ್ನೆಗೆ. ಮೂಳೆಯ ಒಡಲು ಗಟ್ಟಿ, ಅದು ಒಡೆಯುವುದು ಅಪರೂಪ. ಬಿಡುವುದು ಹಣೆ, ಕಣ್ಣಿನ ಕೆಳಗಿನ ಅಂಚು, ಮೇಲ್ದವಡೆ, ಕಿವಿಯ ಕಡೆಯ ಕಮಾನು ಇವುಗಳೊಂದಿಗಿನ ಬೆಸುಗೆಗಳು. ಕಮಾನು ಕುಸಿದರೆ ಕೆಳದವಡೆಯ ತುದಿಗೆ ಅಡ್ಡವಾಗಿ ಬಾಯಿ ತೆರೆಯಲಾಗದು. ಕಣ್ಣಿನ ಕೆಳಗಿನ ನರ ನಲುಗಿದರೆ ಮೇಲ್ದುಟಿ ಮರಗಟ್ಟುತ್ತದೆ. ಆದರೆ ಕೆಲವೇ ತಾಸಿನಲ್ಲಿ ಊತ ಏರಿ, ತಗ್ಗಿದ ಕೆನ್ನೆಯನ್ನು ತುಂಬಿ ಮರೆಮಾಚಿಬಿಡುತ್ತದೆ. ಇದನ್ನು ಹಳಬರು ಬಲ್ಲರು. ಸುಮಾರು ಕ್ರಿ.ಪೂ. 1600ರಲ್ಲಿ ನಕಲಾದ ಈಜಿಪ್ಟಿನ ಎಡ್ವಿನ್ ಸ್ಮಿತ್ ಪ್ಯಾಪಿರಸ್‌ನ 48 ಪ್ರಕರಣಗಳಲ್ಲಿ ಮೂರು ಕೆನ್ನೆಯ ಮೂಳೆಗೇ ಮೀಸಲು. ಬಿರುಕು ಬಿಟ್ಟಿದ್ದರೆ ಮೊದಲ ದಿನ ಹಸಿ ಮಾಂಸ ಕಟ್ಟಬೇಕು, ಊತ ಇಳಿಯುವವರೆಗೆ ರೋಗಿಯನ್ನು ಕೂರಿಸಿರಬೇಕು, ಆಮೇಲೆ ದಿನವೂ ಕೊಬ್ಬು ಮತ್ತು ಜೇನು. ಮೂಳೆ ನುಚ್ಚಾಗಿ ಕಿವಿಮೂಗಿನಿಂದ ರಕ್ತ ಬಂದು ಮಾತು ನಿಂತಿದ್ದರೆ ಕೈ ಹಾಕಬೇಡ ಎನ್ನುತ್ತದೆ. ನಮ್ಮ ಸುಶ್ರುತ ಸಂಹಿತೆಯೂ ಗಂಡಾಸ್ಥಿಯನ್ನು ‘ಕಪಾಲ’ ಜಾತಿಗೆ ಸೇರಿಸಿ, ಅಂಥ ಚಪ್ಪಟೆ ಮೂಳೆ ನಳಿಕೆಯ ಮೂಳೆಯಂತೆ ಮುರಿಯದೆ ಸೀಳುತ್ತದೆ ಎಂದು ಬೇರ್ಪಡಿಸಿತು. ಇಬ್ಬರ ನೋಟವೂ ಚುರುಕೇ, ಒಳಗೆ ಹೋಗುವ ದಾರಿ ಮಾತ್ರ ಇರಲಿಲ್ಲ.

1751ರಲ್ಲಿ ಅಚ್ಚಾದ ಫ್ರಾನ್ಸಿನ ದುವೆರ್ನೇಯ ಗ್ರಂಥದಲ್ಲಿ ಒಂದು ಜಾಣ ಉಪಾಯವಿದೆ: ಅಗಿಯುವ ಸ್ನಾಯುಗಳ ಎಳೆತವನ್ನೇ ಬಳಸಿ ಮೂಳೆಯನ್ನು ಹೊರಕ್ಕೆ ತರುವುದು. 1844ರಲ್ಲಿ ಸ್ಟ್ರೋಮೆಯರ್ ಚರ್ಮದ ಮೂಲಕವೇ ಕೊಕ್ಕೆ ಹಾಕಿದ. 1906ರಲ್ಲಿ ಲೋಥ್ರಪ್ ಮೂಗಿನೊಳಗಿಂದ, 1909ರಲ್ಲಿ ಕೀನ್ ಒಸಡಿನ ಮೇಲಿನ ಮಡಿಕೆಯಿಂದ ಹೋದರು. ಕೊನೆಗೆ 1927ರ ಲೇಖನವೊಂದರಲ್ಲಿ ಗಿಲೀಸ್, ಕಿಲ್ನರ್ ಮತ್ತು ಸ್ಟೋನ್ ತೋರಿಸಿದ ದಾರಿ ಮೇಲ್ನೋಟಕ್ಕೆ ಸುತ್ತುಬಳಸು: ಕೆನ್ನೆಯನ್ನು ಬಿಟ್ಟು ಕಣತಲೆಯ ಕೂದಲೊಳಗೆ ಇಂಚಿನಷ್ಟು ಕೊಯ್ತ. ಅದರ ಒಳಗುಟ್ಟು ಶರೀರರಚನೆಯಲ್ಲಿದೆ. ಕಣತಲೆಯ ಸ್ನಾಯುವನ್ನು ಮುಚ್ಚಿದ ಗಟ್ಟಿ ಪೊರೆ ಕಮಾನಿನ ಮೇಲಂಚಿಗೆ ಅಂಟಿ ನಿಲ್ಲುತ್ತದೆ. ಸ್ನಾಯು ಮಾತ್ರ ಕಮಾನಿನ ಅಡಿಯಲ್ಲಿ ನುಸುಳಿ ದವಡೆಗೆ ಇಳಿಯುತ್ತದೆ. ಪೊರೆಯನ್ನು ಸೀಳಿ ಇವೆರಡರ ನಡುವೆ ಉಪಕರಣ ಜಾರಿಸಿದರೆ ಅದು ತಾನಾಗಿ ಮುರಿದ ಮೂಳೆಯ ಕೆಳಗೆ ಬಂದು ನಿಲ್ಲುತ್ತದೆ. ಹಣೆ ಎತ್ತಿಸುವ ನರದ ಕವಲು ಪೊರೆಯ ಹೊರಮಗ್ಗುಲಲ್ಲೇ ಉಳಿದು ಪಾರಾಗುತ್ತದೆ. ಅದೇ ಲೇಖನ ಹೊಸ ಎಕ್ಸ್‌ರೇ ಭಂಗಿಯೊಂದನ್ನೂ ವಿವರಿಸಿತು. ದಾರಿಯೂ ನೋಟವೂ ಜೊತೆಗೇ ಬಂದದ್ದು ಆಕಸ್ಮಿಕವಲ್ಲ. ಊತದ ಹಿಂದೇನಿದೆ ಎಂದು ತಿಳಿಯದವನಿಗೆ ಯಾವ ದಾರಿಯೂ ಪ್ರಯೋಜನವಿಲ್ಲ.

ಇದೆಲ್ಲ ಮೊದಲ ಮಹಾಯುದ್ಧದ ಕೊಡುಗೆಯಲ್ಲವೇ ಎಂದು ಕೇಳಬಹುದು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಗಿಲೀಸ್ 1917ರಲ್ಲಿ ತೆರೆದ ಸಿಡ್‌ಕಪ್ ಆಸ್ಪತ್ರೆಯಲ್ಲಿ ಸೈನಿಕರ ಮುಖಗಳನ್ನು ಮರಳಿ ಕಟ್ಟಿದ್ದು ನಿಜ. ಅಲ್ಲಿ ಪಳಗಿದ ಕೈ ಇಲ್ಲಿ ನೆರವಾಗಿರಲೂ ಸಾಕು. ಆದರೆ ಗುಂಡು ಹೊಕ್ಕ ಮುಖ ಆಗಲೇ ಹರಿದು ತೆರೆದಿರುತ್ತದೆ, ಅಲ್ಲಿ ಮರೆಯ ದಾರಿಯ ಹಂಗಿಲ್ಲ. ಚರ್ಮ ಹರಿಯದೆ ಒಳಗೆ ಮೂಳೆ ಮಾತ್ರ ಕುಸಿದಾಗಲೇ ಕಲೆಯ ಪ್ರಶ್ನೆ ಏಳುವುದು. ಅಂಥ ಪೆಟ್ಟು ಆಟದ ಬಯಲಿನದು, ರಸ್ತೆಯದು, ಜಗಳದ್ದು. ಹಾಗಾಗಿ ಇದನ್ನು ಶಾಂತಿಕಾಲದ ಶೋಧ ಎನ್ನುವುದೇ ಸರಿ.

ಇನ್ನೂ ಬಲವಾದ ಆಕ್ಷೇಪ ಬೇರೆ: ಎತ್ತಿದ ಮೂಳೆ ನಿಲ್ಲದಿದ್ದರೆ ದಾರಿ ಕಟ್ಟಿಕೊಂಡು ಏನು ಮಾಡುವುದು? 1961ರಲ್ಲಿ ನೈಟ್ ಮತ್ತು ನಾರ್ತ್ 120 ಮುರಿತಗಳನ್ನು ಆರು ಗುಂಪು ಮಾಡಿ ಈ ಪ್ರಶ್ನೆಯನ್ನೇ ಎತ್ತಿಕೊಂಡರು. ಕಮಾನಿನ ಮುರಿತಗಳು ಎತ್ತಿದ ಮೇಲೆ ತಾವಾಗಿ ನಿಂತವು, ನುಚ್ಚಾದವು ನಿಲ್ಲಲಿಲ್ಲ. ಹೊರಳಿ ಕುಸಿದ ಮೂಳೆಯಲ್ಲಿ ಯಾವುದು ನಿಲ್ಲುತ್ತದೆ ಎಂಬ ಅವರ ಲೆಕ್ಕವನ್ನು ಮುಂದಿನವರು ಒಪ್ಪಲಿಲ್ಲ, ಆ ಚರ್ಚೆ ಇನ್ನೂ ಇದೆ. 1942ರಲ್ಲಿ ಆ್ಯಡಮ್ಸ್ ವಿವರಿಸಿದ ತಂತಿಯ ಕಟ್ಟೂ 1970ರ ದಶಕದಿಂದ ಹಬ್ಬಿದ ಸಣ್ಣ ಪ್ಲೇಟುಗಳೂ ಈ ಕೊರತೆ ತುಂಬಿದವು, ಅಲ್ಲಗಳೆಯುವಂತಿಲ್ಲ. ಆದರೆ ಆ ಪ್ಲೇಟು ಒಳಗೆ ಹೋಗುವುದು ಎಲ್ಲಿಂದ? ಹುಬ್ಬಿನ ತುದಿಯಿಂದ, ಕಣ್ಣರೆಪ್ಪೆಯ ಮಡಿಕೆಯಿಂದ, ಇಲ್ಲವೇ ಕೀನ್ ತೋರಿದ ಒಸಡಿನ ಮೇಲಿಂದ. ಈಗಲೂ ಶಸ್ತ್ರಚಿಕಿತ್ಸಕರು ಊತ ಇಳಿಯಲು ಕೆಲವು ದಿನ ಕಾಯುತ್ತಾರೆ, ಮೂಳೆ ತಪ್ಪಾಗಿ ಕೂಡಿಕೊಳ್ಳುವ ಮೊದಲು ಎತ್ತುತ್ತಾರೆ, ಬೆರಳಲ್ಲಿ ಒತ್ತಿ ನೋಡುತ್ತಾರೆ. ಜಗ್ಗಿದರೆ ಪ್ಲೇಟು. ಜಗ್ಗದಿದ್ದರೆ ಕೂದಲೊಳಗೆ ನಾಲ್ಕು ಹೊಲಿಗೆ ಹಾಕಿ, ಕೆಲವು ವಾರ ಆ ಮಗ್ಗುಲಿಗೆ ಮಲಗಬೇಡಿ ಎಂದು ಹೇಳಿ ಕಳಿಸುತ್ತಾರೆ.