ಮದರಾಸಿನ ಮುಳ್ಳುಚೆಂಡು

ಪೆರಂಬೂರು ಎಂದರೆ ರೈಲು. 1955ರಲ್ಲಿ ಶುರುವಾದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಊರು ಅದು. ಕಡಲು ಅಲ್ಲಿಂದ ದೂರವೇನಲ್ಲ. ಪೂರ್ವಕ್ಕೆ ಐದಾರು ಕಿಲೋಮೀಟರು ಹೋದರೆ ಕಾಸಿಮೇಡಿನ ಮೀನುಬಂದರು. ಈ ಕರಾವಳಿಯ ಬಲೆಗಳಲ್ಲಿ ಮೀನು, ಸಿಗಡಿ, ಏಡಿ ಆರಿಸಿಕೊಂಡ ಮೇಲೆ ಉಳಿಯುವ ಬೇಡದ ರಾಶಿಯಲ್ಲಿ ಒಮ್ಮೊಮ್ಮೆ ಮುಳ್ಳುಮುಳ್ಳಾದ ಗುಂಡನೆಯ ಜೀವಿಯೊಂದಿರುತ್ತದೆ. ಇಂಗ್ಲಿಷಿನವರ ಸೀ ಅರ್ಚಿನ್, ನಮ್ಮ ಮಾತಿನಲ್ಲಿ ಕಡಲ ಮುಳ್ಳುಚೆಂಡು. ಇಲ್ಲಿ ಅದನ್ನು ಕೊಳ್ಳುವವರಿಲ್ಲ.

ವಿಜ್ಞಾನಿಗಳಿಗೆ ಮಾತ್ರ ಅದು ಬೇಕಾಗಿತ್ತು. ಮದರಾಸು ಮ್ಯೂಸಿಯಮ್ಮಿನ ಸೂಪರಿಂಟೆಂಡೆಂಟ್ ಎಡ್ಗರ್ ಥರ್ಸ್ಟನ್ ತೂತ್ತುಕುಡಿಯಲ್ಲಿ ಕಲೆಹಾಕಿದ ಕಂಟಕಚರ್ಮಿಗಳ ಬಗ್ಗೆ ಬ್ರಿಟಿಷ್ ಮ್ಯೂಸಿಯಮ್ಮಿನ ಜೆಫ್ರಿ ಬೆಲ್ 1888ರಲ್ಲಿ ವರದಿ ಬರೆದ. ಆ ಕಾಲದ ಪದ್ಧತಿಯೇ ಹಾಗೆ: ಹಿಡಿಯುವುದು ಇಲ್ಲಿ, ಹೆಸರಿಡುವುದು ಲಂಡನ್ನಿನಲ್ಲಿ. ಜೀವವಿದ್ದಾಗ ಪ್ರಾಣಿ ಏನು ಮಾಡುತ್ತಿತ್ತೆಂದು ಸತ್ತ ಮಾದರಿ ಎಷ್ಟು ತಾನೇ ಹೇಳೀತು?

ಯುರೋಪಿನಲ್ಲಿ ಅಷ್ಟರಲ್ಲಾಗಲೇ ಮುಳ್ಳುಚೆಂಡು ಪ್ರಯೋಗಶಾಲೆಯ ಮುದ್ದಿನ ಪ್ರಾಣಿಯಾಗಿತ್ತು. ಗಂಡು ಹೆಣ್ಣುಗಳೆರಡೂ ವೀರ್ಯ, ತತ್ತಿಗಳನ್ನು ನೀರಿಗೆ ಬಿಡುವುದರಿಂದ ಗರ್ಭಧಾರಣೆಯನ್ನು ಗಾಜಿನ ಬಟ್ಟಲಿನಲ್ಲೇ ನೋಡಬಹುದು. ವೀರ್ಯಾಣು ಮತ್ತು ತತ್ತಿಯ ನ್ಯೂಕ್ಲಿಯಸ್ಸುಗಳು ಒಂದಾಗುವುದನ್ನು ಆಸ್ಕರ್ ಹರ್ಟ್‌ವಿಗ್ 1875ರಲ್ಲಿ ಕಂಡದ್ದು ಇದರಲ್ಲೇ. 1891ರಲ್ಲಿ ಹಾನ್ಸ್ ಡ್ರೀಶ್ ಎರಡು ಕೋಶಗಳ ಭ್ರೂಣವನ್ನು ಅಲುಗಾಡಿಸಿ ಬೇರ್ಪಡಿಸಿದ. ಅರ್ಧ ಭ್ರೂಣದಿಂದ ಅರ್ಧ ಮರಿ ಬರಲಿಲ್ಲ. ಚಿಕ್ಕದಾದರೂ ಇಡೀ ಮರಿಯೇ ಬಂತು.

ಆದರೆ ಅವೆಲ್ಲ ಯುರೋಪಿನ ಕಡಲುಗಳ ಜಾತಿಗಳು. ಬೆಚ್ಚಗಿನ ನೀರಿನ ಜಾತಿಯೊಂದರ ಕಥೆ ಮದರಾಸಿನಿಂದ ಬಂತು. ಮದರಾಸು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಪ್ರಯೋಗಾಲಯದ ಆರ್. ಗೋಪಾಲ ಅಯ್ಯರ್ ಸಾಲ್ಮಾಸಿಸ್ ಬೈಕಲರ್ ಎಂಬ ಜಾತಿಯ ಆರಂಭದ ಬೆಳವಣಿಗೆಯನ್ನೂ ರೂಪಾಂತರವನ್ನೂ ವಿವರಿಸಿ 1935ರಲ್ಲಿ ಪ್ರಬಂಧ ಪ್ರಕಟಿಸಿದರು. ಅದು ಅಚ್ಚಾದದ್ದು ಸಿ.ವಿ. ರಾಮನ್ ಹಿಂದಿನ ವರ್ಷವಷ್ಟೇ ಬೆಂಗಳೂರಿನಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ, ಅದರ ಮೊದಲ ಸಂಪುಟದಲ್ಲಿ. ಮಾದರಿ ಲಂಡನ್ನಿಗೆ ಹೋಗಲಿಲ್ಲ, ಮಾತೂ ಹೋಗಲಿಲ್ಲ.

ಈ ರೂಪಾಂತರ ನಂಬುವುದಕ್ಕೇ ಕಷ್ಟವಾದದ್ದು. ಮರಿಗೆ ಮುಳ್ಳುಚೆಂಡಿನ ಹೋಲಿಕೆಯೇ ಇರುವುದಿಲ್ಲ. ನಮ್ಮ ಹಾಗೆ ಎಡ ಬಲಗಳಿರುವ, ಉದ್ದ ತೋಳುಗಳ, ತೇಲುವ ಸೂಕ್ಷ್ಮಜೀವಿ ಅದು. ಅದರ ಎಡಭಾಗದಲ್ಲಿ ಮುಂದಿನ ಪ್ರಾಣಿಯ ಮೊಳಕೆ ಹುಟ್ಟುತ್ತದೆ, ಐದು ಪಾಲಿನ ಲೆಕ್ಕದಲ್ಲಿ. ಸರಿಯಾದ ನೆಲ ಸಿಕ್ಕಿದಾಗ ಮರಿ ತಳಕ್ಕಿಳಿದು ತನ್ನ ಹಳೆಯ ದೇಹವನ್ನು ಬಹುಪಾಲು ಕಳಚಿಕೊಳ್ಳುತ್ತದೆ. ಆಮೇಲೆ ಐದು ಹಲ್ಲುಗಳಿಂದ ಬಂಡೆಯ ಪಾಚಿ ಕೆರೆದು ತಿನ್ನುವುದೇ ಬದುಕು. ಹಲ್ಲು ಸವೆದಂತೆಲ್ಲ ಬೆಳೆಯುತ್ತಲೇ ಇರುತ್ತದೆ.

ಆ ಕೆರೆತದ ಬೆಲೆ ತಿಳಿದದ್ದು ಅದು ನಿಂತಾಗ. 1983ರಲ್ಲಿ ಕೆರಿಬಿಯನ್ ಕಡಲಿನಲ್ಲಿ ರೋಗವೊಂದು ಹಬ್ಬಿ ಉದ್ದ ಮುಳ್ಳಿನ ಡಯಡೆಮಾ ಜಾತಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತವು. ಪಾಚಿ ಹವಳದ ದಿಬ್ಬಗಳನ್ನು ಮುಚ್ಚಿತು. ಹವಳದ ಮರಿಗಳಿಗೆ ಅಂಟಿಕೊಳ್ಳಲು ಜಾಗವಿಲ್ಲದಾಯಿತು. ಉತ್ತರ ಪೆಸಿಫಿಕ್‌ನಲ್ಲಿ ತದ್ವಿರುದ್ಧ: ತುಪ್ಪಳಕ್ಕಾಗಿ ಕಡಲ ನೀರುನಾಯಿಗಳನ್ನು ಕೊಂದ ಕಡೆ ಮುಳ್ಳುಚೆಂಡುಗಳು ಮಿತಿಮೀರಿ ಕೆಲ್ಪ್ ಕಾಡುಗಳನ್ನೇ ಮೇಯ್ದು ಬೋಳಿಸಿದವು.

2022ರಲ್ಲಿ ಕೆರಿಬಿಯನ್‌ನಲ್ಲಿ ಡಯಡೆಮಾ ಮತ್ತೆ ಸತ್ತವು. ಫ್ಲಾರಿಡಾದ ಪ್ರಯೋಗಾಲಯಗಳಲ್ಲಿ ಈಗ ತೊಟ್ಟಿಗಳಲ್ಲಿ ತತ್ತಿಯಿಂದ ಮರಿ ಮಾಡಿ, ರೂಪಾಂತರ ದಾಟಿಸಿ, ಹವಳದ ದಿಬ್ಬಗಳ ಮೇಲೆ ಬಿಡುತ್ತಾರೆ.